ಮಾಲ್ಟಾಕ್ಕೆ ಹೋದ ಸರ್ಟಿಫಿಕೇಟು

ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ್ದು ನನ್ನ ಅಮ್ಮ. ಅದು ಕೈಗೆ ಬಂದ ಮರುದಿನವೇ, ನನಗೆ ಒಂದು ಮಾತೂ ಹೇಳದೆ, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಬರುವ ದಾರಿಯಲ್ಲಿ ಪೇಟೆಯ ಸ್ಟುಡಿಯೋಕ್ಕೆ ಹೊಕ್ಕು ಮಾಡಿಸಿಕೊಂಡು ಬಂದಿದ್ದಳು. ಬ್ರಾಂಚ್ ಅಂದರೆ ಬ್ಯಾಂಕಿನದ್ದಲ್ಲ, ಬೀಡಿ ಕಂಪೆನಿಯದ್ದು. ಎಲೆ, ಹೊಗೆಸೊಪ್ಪು ಅಲ್ಲಿಂದ ತರುವುದು, ಕಟ್ಟಿದ್ದನ್ನು ಅಲ್ಲಿಗೇ ಒಪ್ಪಿಸುವುದು. ನಮ್ಮಂಥ ಮನೆಗಳಲ್ಲಿ ಒಂದು ಕಾಗದಕ್ಕೆ ಲ್ಯಾಮಿನೇಷನ್‌ಗಿಂತ ದೊಡ್ಡ ಮರ್ಯಾದೆ ಬೇರೆ ಇರಲಿಲ್ಲ. ಮೊದಲನೆಯದು ರೇಷನ್ ಕಾರ್ಡಿಗೆ ಆಗಿತ್ತು, ಎರಡನೆಯದು ತೀರಿಕೊಂಡ ಅಪ್ಪನ ಫೋಟೋಕ್ಕೆ, ಮೂರನೆಯದು ನನ್ನ ಡಿಗ್ರಿಗೆ. ಅಪ್ಪನ ಕಡೆ, ಅಮ್ಮನ ಕಡೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೂ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಮ್ಮನಿಗೆ ಅದನ್ನು ಓದಲಿಕ್ಕೆ ಬರುವುದಿಲ್ಲ. ಆದರೆ ಮೂಲೆಯಲ್ಲಿರುವ ಚಿನ್ನದ ಬಣ್ಣದ ಮುದ್ರೆಯನ್ನು ಪ್ಲಾಸ್ಟಿಕ್ಕಿನ ಮೇಲಿಂದ ಸೆರಗಿನಲ್ಲಿ ಒರೆಸಿ ಒರೆಸಿ ನೋಡುತ್ತಿದ್ದಳು.

ಅದರಿಂದ ಆದ ತೊಂದರೆ ಗೊತ್ತಾದದ್ದು ಒಂಬತ್ತು ವರ್ಷ ಹಿಂದೆ, ಇಲ್ಲಿ ಒಮಾನಿನ ಸಹಮ್‌ಗೆ ಬಂದಾಗ. ಗಂಡ ಸೊಹಾರಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಇಲ್ಲಿನ ಒಂದು ಸ್ಥಾವರದ ಲ್ಯಾಬಿನಲ್ಲಿ ಜನ ಬೇಕಾಗಿದ್ದಾರೆ ಅಂತ ಅವರಿಗೆ ಗೊತ್ತಾಯಿತು. ನಾನು ಓದಿದ್ದು ಕೆಮಿಸ್ಟ್ರಿ. ಖುಷಿಯಲ್ಲಿ ಸರ್ಟಿಫಿಕೇಟು ಹಿಡಿದುಕೊಂಡು ಪೇಟೆಯ ಟೈಪಿಂಗ್ ಸೆಂಟರಿಗೆ ಹೋದೆ. ಗಲ್ಫಿನಲ್ಲಿ ಅರ್ಜಿ, ವೀಸಾ, ಸೀಲು ಎಲ್ಲ ನಡೆಯುವುದು ಇಂಥ ಅಂಗಡಿಗಳ ಮೂಲಕವೇ. ಅದನ್ನು ನಡೆಸುತ್ತಿದ್ದವರು ಉಪ್ಪಿನಂಗಡಿ ಕಡೆಯ ಒಬ್ಬರು ಬ್ಯಾರಿ. ಅವರು ಸರ್ಟಿಫಿಕೇಟನ್ನು ಎರಡು ಬೆರಳಿನಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಅದು ಟಪ್ ಅಂತ ಸದ್ದು ಮಾಡಿತು.

"ಇದನ್ನು ಯಾರು ಅಕ್ಕ ಬೇಯಿಸಿದ್ದು?"

"ಅಮ್ಮ ಮಾಡಿಸಿದ್ದು."

"ಪ್ರೀತಿಯಲ್ಲಿ ಮಾಡಿಸಿದ್ದಾರೆ, ಸರಿ. ಆದರೆ ಅಟೆಸ್ಟೇಷನ್‌ನವರು ಹಿಂದುಗಡೆ ಸೀಲು ಒತ್ತಬೇಕಲ್ಲ? ಊರಿನ ಆಫೀಸಿನದ್ದು ಒಂದು, ದೆಹಲಿಯದ್ದು ಒಂದು. ಎಲ್ಲಿ ಒತ್ತುವುದು, ಪ್ಲಾಸ್ಟಿಕ್ಕಿನ ಮೇಲಾ? ಲ್ಯಾಮಿನೇಷನ್ ಕಂಡರೆ ಅವರು ಕೈಯಲ್ಲೂ ಮುಟ್ಟುವುದಿಲ್ಲ."

"ಇದನ್ನು ಬಿಡಿಸಲಿಕ್ಕೆ ಆಗುವುದಿಲ್ವಾ?"

"ಇಲ್ಲೇ ಒಮಾನಿನ ಇಬ್ರಾದಲ್ಲಿ ಒಬ್ಬರು ನರ್ಸಮ್ಮ ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸಿದ್ರು. ಈಗ ಅವರ ಹತ್ತಿರ ಎರಡು ಸರ್ಟಿಫಿಕೇಟು ಉಂಟು. ಒಂದರಲ್ಲಿ ಕಾಗದ ಉಂಟು, ಅಕ್ಷರ ಇಲ್ಲ. ಇನ್ನೊಂದರಲ್ಲಿ ಅಕ್ಷರ ಉಂಟು, ಕಾಗದ ಇಲ್ಲ."

ಅವರು ತಮಾಷೆಗೆ ಹೇಳಿದ್ದೋ ನಿಜಕ್ಕೂ ಆದದ್ದೋ, ನಾನು ಮಾತ್ರ ಅವತ್ತೇ ಹೆದರಿದೆ. ಕೊನೆಗೆ ಪಿ.ಯು.ಸಿ.ಯ ಮಾರ್ಕ್ಸ್ ಕಾರ್ಡು ತರಿಸಿ, ಅದಕ್ಕೆ ಸೀಲು ಒತ್ತಿಸಿ, ಲ್ಯಾಬ್ ಅಸಿಸ್ಟೆಂಟ್ ಅಂತ ಸೇರಿದೆ. ಪಿ.ಯು.ಸಿ.ಯದ್ದು ಮನೆಯ ಟ್ರಂಕಿನಲ್ಲಿ ಬಿದ್ದುಕೊಂಡಿತ್ತು. ಅದಕ್ಕೆ ಯಾರೂ ಮರ್ಯಾದೆ ಮಾಡಿರಲಿಲ್ಲ, ಹಾಗಾಗಿ ಬದುಕಿತ್ತು.

ಒಂಬತ್ತು ವರ್ಷ ಅದೇ ಹೆಸರಿನಲ್ಲಿ ಕೆಲಸ ಮಾಡಿದೆ. ನೀರಿನಲ್ಲಿ ಉಪ್ಪು ಎಷ್ಟು ಉಳಿದಿದೆ, ಕ್ಲೋರಿನ್ ಎಷ್ಟಿದೆ, ಕುಡಿಯಲಿಕ್ಕೆ ಬಿಡಬಹುದಾ ಇಲ್ಲವಾ ಅಂತ ನೋಡುವವಳು ನಾನು, ಸಹಿ ಹಾಕುವವರು ಬೇರೆ. ಅದಕ್ಕೆ ಬೇಸರ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೇಸರಕ್ಕಿಂತ ಹೆಚ್ಚಿನ ಕಷ್ಟ ಅಮ್ಮನ ಫೋನು. ವರ್ಷಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದಳು.

"ಡಿಗ್ರಿಯದ್ದು ಆಫೀಸಿನವರಿಗೆ ತೋರಿಸಿದ್ದೀಯಲ್ಲ ಮಗಾ? ನೋಡಿ ಎಂತ ಹೇಳಿದ್ರು?"

"ಭಾರಿ ಚಂದ ಇಟ್ಟುಕೊಂಡಿದ್ದೀರಿ ಅಂದ್ರು ಅಮ್ಮ."

ಹೇಗೆ ಹೇಳುವುದು? ಕಣ್ಣು ಮಂಜಾಗುವ ತನಕ ಬೀಡಿ ಕಟ್ಟಿ ಓದಿಸಿದವಳಿಗೆ, ನೀನು ಪ್ರೀತಿಯಿಂದ ಮಾಡಿದ ಒಂದೇ ಒಂದು ಕೆಲಸದಿಂದ ನಿನ್ನ ಮಗಳ ಡಿಗ್ರಿ ಇಲ್ಲದ ಹಾಗೆ ಆಯಿತು ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಗಂಡನಿಗೂ ಹೇಳಬೇಡಿ ಅಂದಿದ್ದೆ. ಅವರೂ ಹೇಳಲಿಲ್ಲ.

ಈ ವರ್ಷ ವಿಷಯ ಕುತ್ತಿಗೆಗೆ ಬಂತು. ನಮ್ಮ ಮ್ಯಾನೇಜರ್ ಒಮಾನಿನವರೇ, ಒಳ್ಳೆಯ ಮನುಷ್ಯ. ಒಂದು ಬೆಳಿಗ್ಗೆ ಕರೆದು ಕೂರಿಸಿ, ಕಾವಾ ಅನ್ನುವ ಇಲ್ಲಿನ ಕಾಫಿ ಬಗ್ಗಿಸಿ ಕೊಟ್ಟು, ಖರ್ಜೂರದ ತಟ್ಟೆ ನನ್ನ ಕಡೆ ತಳ್ಳಿದರು. ಕಾವಾ ಬಗ್ಗಿಸಿದಾಗಲೇ ನನಗೆ ಅಂದಾಜಾಯಿತು. "ಉಖ್ತಿ" ಅಂತಲೇ ಅವರು ನನ್ನನ್ನು ಕರೆಯುವುದು, ಅಂದರೆ ತಂಗಿ.

"ಉಖ್ತಿ, ಅಸಿಸ್ಟೆಂಟ್ ಕೆಲಸಗಳೆಲ್ಲ ಇನ್ನು ನಮ್ಮ ಮಕ್ಕಳಿಗೆ. ಕಾನೂನು ಹಾಗೆ ಬಂದಿದೆ. ಕೆಮಿಸ್ಟ್ ಹುದ್ದೆ ಒಂದು ಖಾಲಿ ಇದೆ. ಅದು ನಿಮಗೇ ಆಗಬೇಕು ಅಂತ ನನ್ನ ಮನಸ್ಸು. ಆದರೆ ಡಿಗ್ರಿ ಬೇಕು, ಸೀಲು ಬಿದ್ದ ಡಿಗ್ರಿ. ಮೂರು ತಿಂಗಳು ತಡೆಯಬಲ್ಲೆ."

"ಆಗದಿದ್ದರೆ?"

ಅವರು ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದರು. ಇನ್ನೊಂದು ಖರ್ಜೂರ ತೆಗೆದುಕೊಳ್ಳಿ ಅಂದರು.

ಅದರಲ್ಲಿ ನನಗೆ ತಕರಾರಿಲ್ಲ. ಅವರ ದೇಶ, ಅವರ ಮಕ್ಕಳು, ಕೆಲಸ ಅವರಿಗೆ ಸಿಗಬೇಕಾದ್ದೇ. ಆದರೆ ನನ್ನ ಕೆಲಸ ಹೋದರೆ ಒಬ್ಬರ ಸಂಬಳ ಸಾಲದು, ಸಹಮ್‌ನ ಮನೆ ಬಿಡಬೇಕು, ಮಗಳನ್ನು ಶಾಲೆ ಬಿಡಿಸಬೇಕು. ಗಂಡ ಮೊದಲಿನ ಹಾಗೆ ನಾಲ್ಕು ಜನರ ರೂಮಿಗೆ, ನಾನೂ ಮಗಳೂ ಊರಿಗೆ. ಮೂರೂ ಜನ ಒಂದೇ ಮನೆಯಲ್ಲಿ ಊಟ ಮಾಡುವುದು ಆ ಒಂದು ಹಾಳೆಯ ಮೇಲೆ ನಿಂತಿತು. ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದೆ. ಹೊಸ ಪ್ರತಿ ಕೊಡುತ್ತೇವೆ, ಆದರೆ ಹಳೆಯದನ್ನು ಮೊದಲು ಒಪ್ಪಿಸಬೇಕು, ಹೊಸದು ಯಾವಾಗ ಅಂತ ಈಗಲೇ ಹೇಳಲಾಗದು ಅಂದರು. ಕಳೆದುಹೋಗಿದೆ ಅಂತ ಪೊಲೀಸರಿಗೆ ದೂರು ಕೊಟ್ಟರೆ ಬೇಗ ಆಗುತ್ತದೆ ಅಂತ ಯಾರೋ ಹೇಳಿಕೊಟ್ಟರು. ಕಪಾಟಿನಲ್ಲಿ ಕಣ್ಣೆದುರು ಇರುವುದನ್ನು ಕಳೆದುಹೋಯಿತು ಅಂತ ಬರೆದು ಸಹಿ ಹಾಕಲಿಕ್ಕೆ ನನಗೆ ಆಗಲಿಲ್ಲ. ಅದಕ್ಕೋಸ್ಕರ ಅಲ್ಲ ಅಮ್ಮ ನನ್ನನ್ನು ಓದಿಸಿದ್ದು.

ಈ ಮೂರು ತಿಂಗಳ ನಡುವೆಯೇ ಮಾಲ್ಟಾ ಬಂತು.

ಲ್ಯಾಬಿಗೆ ಹೊಸ ಯಂತ್ರವೊಂದು ಬರುವುದಿತ್ತು. ಅದನ್ನು ನಡೆಸುವ ತರಬೇತಿ ಐದು ದಿನ, ಮಾಲ್ಟಾ ಅನ್ನುವ ದ್ವೀಪದಲ್ಲಿ. ಎರಡು ಸೀಟು. ಒಂದು ಹೊಸದಾಗಿ ಸೇರಿದ ಒಮಾನಿ ಹುಡುಗಿಗೆ, ಇನ್ನೊಂದು ನನಗೆ. ಇಪ್ಪತ್ತಮೂರು ವರ್ಷದ ಹುಡುಗಿ. ಅವಳಿಗೆ ನಾನೇ ಕೆಲಸ ಕಲಿಸುತ್ತಿದ್ದೆ. ನನ್ನನ್ನು "ಖಾಲಾ" ಅನ್ನುತ್ತಾಳೆ, ನಮ್ಮ ಚಿಕ್ಕಮ್ಮ ಇದ್ದ ಹಾಗೆ. ಕೆಲಸವೇ ಇರುತ್ತದೋ ಇಲ್ಲವೋ ಗೊತ್ತಿಲ್ಲದವಳು ತರಬೇತಿಗೆ ಯಾಕೆ ಹೋಗಬೇಕು ಅಂತ ಮ್ಯಾನೇಜರಿಗೆ ಕೇಳಿದೆ. "ಯಂತ್ರ ನಿಮ್ಮ ಕೈಯಲ್ಲೇ ನಡೆಯುವುದು ಅಂತ ನಾನು ಅಂದುಕೊಂಡಿದ್ದೇನೆ. ನೀವು ಯಾಕೆ ಬೇರೆ ಅಂದುಕೊಳ್ಳುತ್ತೀರಿ?" ಅಂದರು.

ಬರುವಾಗ ವಿದ್ಯಾರ್ಹತೆಯ ಒಂದು ಜೆರಾಕ್ಸ್ ತನ್ನಿ ಅಂತ ತರಬೇತಿಯವರ ಪತ್ರದಲ್ಲಿ ಬರೆದಿತ್ತು. ಜೆರಾಕ್ಸ್ ಕೇಳಿದರೆ ಒರಿಜಿನಲನ್ನೂ ಹೊತ್ತುಕೊಂಡು ಹೋಗುವುದು ನಮ್ಮ ಕಡೆಯ ಅಭ್ಯಾಸ. ಸ್ಕಾಲರ್‌ಶಿಪ್ಪಿನ ಕಿಟಕಿಯಿಂದ ಕಿಟಕಿಗೆ ಅಲೆದವರಿಗೆ ಮಾತ್ರ ಇದು ಅರ್ಥವಾದೀತು. ಒರಿಜಿನಲ್ ಎಲ್ಲಿ ಅಂತ ಕೇಳಿ ವಾಪಸು ಕಳಿಸಿದರೆ ಒಂದು ದಿನದ ಬೀಡಿ ಹೋಯಿತು. ಹಾಗೆ ಆ ಸರ್ಟಿಫಿಕೇಟು ನನ್ನ ಕೈಚೀಲದಲ್ಲಿ, ಎರಡು ರಟ್ಟಿನ ನಡುವೆ, ಮಸ್ಕತ್ತಿನಿಂದ ವಿಮಾನ ಹತ್ತಿತು. ಸೂಟ್‌ಕೇಸಿನಲ್ಲಿ ಹಾಕಲಿಲ್ಲ. ಸೂಟ್‌ಕೇಸ್ ಕಳೆದುಹೋಗಬಹುದು.

ಮಾಲ್ಟಾ ಅಂದರೆ ಇಟಲಿಯ ಕಾಲಡಿ ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ಚುಕ್ಕಿ. ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಯುರೋಪು ಅಂದರೆ ಹಸಿರು, ಹಿಮ ಅಂತ ಅಂದುಕೊಂಡು ಹೋಗಿದ್ದೆ. ಇಳಿದು ನೋಡಿದರೆ ಎಲ್ಲ ಬಿಸ್ಕತ್ತಿನ ಬಣ್ಣದ ಕಲ್ಲು. ಮನೆ ಕಲ್ಲು, ಚರ್ಚು ಕಲ್ಲು, ಗದ್ದೆಯ ಬದುವೂ ಕಲ್ಲು. ಕಳ್ಳಿಗಿಡದ ಬೇಲಿ. ಒಣ ಗಾಳಿ, ಉಪ್ಪಿನ ವಾಸನೆ. ನದಿ ಅಂತ ಒಂದೂ ಇಲ್ಲ, ನಮ್ಮ ಹಾಗೆಯೇ ಸಮುದ್ರದ ನೀರನ್ನು ಸೋಸಿ ಕುಡಿಯುವ ಜನ. ಒಮಾನಿ ಹುಡುಗಿ ಬಸ್ಸಿನ ಕಿಟಕಿಯಿಂದ ನೋಡಿ, "ಖಾಲಾ, ಇಷ್ಟು ದೂರ ಬಂದದ್ದು ಬಾತಿನಾ ನೋಡಲಿಕ್ಕಾ?" ಅಂದಳು. ಬಾತಿನಾ ಅಂದರೆ ನಮ್ಮ ಸಹಮ್ ಇರುವ ಕರಾವಳಿ.

ಅವಳಿಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಅಲ್ಲಿಯವರ ಭಾಷೆ ಅರಬ್ಬಿಯ ಸಂಬಂಧಿ. ನೀರಿಗೆ "ಇಲ್ಮಾ" ಅನ್ನುತ್ತಾರೆ, ಸಮುದ್ರಕ್ಕೆ "ಬಹರ್", ಬ್ರೆಡ್ಡಿಗೆ "ಹೋಬ್ಸ್". ಅಂಕೆಗಳೂ ಹತ್ತಿರಹತ್ತಿರ ಹಾಗೆಯೇ. ಸಹಮ್‌ನ ಮೀನು ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ಕಲಿತ ನನ್ನ ಹರಕು ಅರಬ್ಬಿಯಲ್ಲಿ ನಾನು ಯುರೋಪಿನಲ್ಲಿ ಬ್ರೆಡ್ ಕೊಂಡೆ ಅಂದರೆ ಊರಿನಲ್ಲಿ ಯಾರೂ ನಂಬಲಿಕ್ಕಿಲ್ಲ. ಹುಡುಗಿ ಎರಡು ದಿನ ಕಿವಿಗೊಟ್ಟು ಕೇಳಿ, "ನಮ್ಮ ಭಾಷೆಯನ್ನು ಇವರು ಉಪ್ಪುನೀರಿನಲ್ಲಿ ನೆನೆಸಿ, ಇಟಲಿಯ ಎಣ್ಣೆಯಲ್ಲಿ ಹುರಿದಿದ್ದಾರೆ" ಅಂತ ತೀರ್ಪು ಕೊಟ್ಟಳು. ಮಾತಿಗೊಮ್ಮೆ "ಮೇಲಾ" ಅನ್ನುತ್ತಾರೆ. ಹೌದು, ಮತ್ತೆ, ಆಯ್ತು, ನೋಡುವ, ಎಲ್ಲದಕ್ಕೂ ಅದೊಂದೇ. ನಮ್ಮ ಊರಿನ "ಮತ್ತೆಂತ" ಇದ್ದ ಹಾಗೆ.

ತರಬೇತಿಯ ಕಡೆ ನನಗೆ ಹೆದರಿಕೆ ಇರಲಿಲ್ಲ. ಮೊದಲ ದಿನ ಕೌಂಟರಿನ ಹೆಂಗಸು ಜೆರಾಕ್ಸ್ ತೆಗೆದುಕೊಂಡು ಫೈಲಿಗೆ ಸೇರಿಸಿದಳು, ಒರಿಜಿನಲನ್ನು ಕೇಳಲೇ ಇಲ್ಲ. ನಾನೇ ಚೀಲದಿಂದ ತೆಗೆದು ತೋರಿಸಿದೆ. ಅವಳು ಮೆಚ್ಚಿದವಳ ಹಾಗೆ ತಲೆಯಾಡಿಸಿದಳು. ಪಕ್ಕದಲ್ಲಿ ನಿಂತ ಹುಡುಗಿ ಅದನ್ನು ನೋಡಿಬಿಟ್ಟಳು. ಇದೇ ಅಲ್ವಾ ಮ್ಯಾನೇಜರ್ ಕೇಳುವುದು, ಕೊಡುವುದಕ್ಕೆ ಏನು ಕಷ್ಟ ಅಂತ ಕೇಳಿದಳು. ಆ ಸಂಜೆ ಅವಳಿಗೆ ಎಲ್ಲ ಹೇಳಿದೆ. ನಾವು ಇಳಿದುಕೊಂಡದ್ದು ಮೀನುಗಾರರ ಒಂದು ಊರು. ಅಲ್ಲಿ ದೋಣಿಗಳ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ, ಸಮುದ್ರದಲ್ಲಿ ದಾರಿ ತಪ್ಪದಿರಲಿ ಅಂತ. ಆ ಕಣ್ಣುಗಳ ಎದುರು ದಂಡೆಯಲ್ಲಿ ಕೂತು ಒಂಬತ್ತು ವರ್ಷದ ಕತೆ ಹೇಳಿ ಮುಗಿಸಿದಾಗ ಅವಳು ಕೇಳಿದ್ದು ಒಂದೇ.

"ನಿಮ್ಮ ಅಮ್ಮನನ್ನು ಕೇಳಿದಿರಾ?"

"ಅವಳಿಗೆ ಗೊತ್ತಾಗಬಾರದು ಅಂತಲೇ ಅಲ್ವಾ ಇಷ್ಟೆಲ್ಲ."

ಅವಳು ಹೆಗಲು ಕುಣಿಸಿದಳು. ಚಿಕ್ಕ ಹುಡುಗಿ, ಇವಳಿಗೆ ಏನು ಗೊತ್ತು ಅಂದುಕೊಂಡೆ.

ಶನಿವಾರ ರಜೆ. ಭಾನುವಾರ ವಿಮಾನ. ರಾಜಧಾನಿ ವಲೆಟ್ಟಾ ನೋಡಲಿಕ್ಕೆ ಹೋದೆವು. ಸಮುದ್ರದೊಳಕ್ಕೆ ಚಾಚಿದ ಗುಡ್ಡದ ಮೇಲೆ ಕೋಟೆ ಕಟ್ಟಿ, ಕೋಟೆಯೊಳಗೆ ಊರು ಕಟ್ಟಿದ್ದಾರೆ. ಬೀದಿಗಳು ನೇರ ಸಮುದ್ರಕ್ಕೆ ಇಳಿಯುತ್ತವೆ, ಕೆಲವು ಬೀದಿಗಳಂತೂ ಬರೀ ಮೆಟ್ಟಿಲು. ಮನೆಗಳ ಮಾಳಿಗೆಯಿಂದ ಹಸಿರು, ಕೆಂಪು, ನೀಲಿ ಬಣ್ಣದ ಮರದ ಪೆಟ್ಟಿಗೆಗಳು ಹೊರಕ್ಕೆ ನೇತಾಡುತ್ತವೆ. ಅವು ಮುಚ್ಚಿದ ಬಾಲ್ಕನಿಗಳು, ಒಳಗೆ ಕೂತು ಬೀದಿ ನೋಡಲಿಕ್ಕೆ. ಐನೂರು ವರ್ಷದ ಹಿಂದೆ ಈ ದ್ವೀಪಕ್ಕೆ ಬಂದು ಆಳಿದವರು ಕತ್ತಿ ಹಿಡಿದ ಸನ್ಯಾಸಿಗಳು. ಯುದ್ಧವೂ ಮಾಡುತ್ತಿದ್ದರು, ಆಸ್ಪತ್ರೆಯೂ ನಡೆಸುತ್ತಿದ್ದರು. ರೋಗಿಗಳಿಗೆ ಬೆಳ್ಳಿಯ ತಟ್ಟೆಯಲ್ಲಿ ಊಟ ಕೊಡುತ್ತಿದ್ದರಂತೆ. ಇದನ್ನೆಲ್ಲ ಒಂದು ಹಳೆಯ ಕಟ್ಟಡದ ಫಲಕದಲ್ಲಿ ಓದಿದೆ. ಒಳಗೆ ಹಳೆಯ ಕಾಗದಪತ್ರಗಳ ಪ್ರದರ್ಶನ ಇತ್ತು. ಬಿಸಿಲು ಜೋರಿತ್ತು, ಒಳಗೆ ತಂಪಿತ್ತು, ಹಾಗಾಗಿ ಹೋದೆವು. ಅಷ್ಟೇ ಕಾರಣ.

ಕೊನೆಯ ಕೋಣೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು, ಅರವತ್ತೈದು ದಾಟಿರಬೇಕು, ಏಪ್ರನ್ ಕಟ್ಟಿಕೊಂಡು ದೊಡ್ಡ ಮೇಜಿನ ಎದುರು ಕೂತಿದ್ದರು. ಹಾಳಾದ ಕಾಗದಗಳನ್ನು ಸರಿಮಾಡುವುದು ಅವರ ಕೆಲಸ. ಶನಿವಾರಗಳಲ್ಲಿ ಜನರೆದುರೇ ಮಾಡಿ ತೋರಿಸುತ್ತಾರೆ. ಅವತ್ತು ಕೈಗೆತ್ತಿಕೊಂಡದ್ದು ಆ ಹಳೆಯ ಆಸ್ಪತ್ರೆಯದೇ ಒಂದು ರಿಜಿಸ್ಟರಿನ ಹಾಳೆ. ಹುಳ ತಿಂದು ಜರಡಿಯಾಗಿತ್ತು. ಅದನ್ನು ಒದ್ದೆ ಬಟ್ಟೆಯ ಹಾಗಿರುವ ಎರಡು ಹಾಳೆಗಳ ನಡುವೆ ಇಟ್ಟು, ತೇವ ಎಳೆದುಕೊಳ್ಳುವ ತನಕ ಕಾದು, ಬೆರಳ ತುದಿಯಿಂದ ಮೆಲ್ಲ ಬಿಡಿಸುತ್ತಿದ್ದರು.

ನಾನು ಅಲ್ಲಿಂದ ಕದಲಲಿಲ್ಲ. ಅಮ್ಮ ಬೀಡಿ ಎಲೆಯನ್ನು ನೀರಿನಲ್ಲಿ ಅದ್ದಿ, ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟು, ಕತ್ತರಿಸುವ ಮೊದಲು ಒಂದೊಂದನ್ನೂ ಹೀಗೆಯೇ ಬಿಡಿಸುವುದು. ಒಣಗಿದರೆ ಒಡೆಯುತ್ತದೆ, ತೇವ ಹೆಚ್ಚಾದರೆ ಕೊಳೆಯುತ್ತದೆ. ಕಣ್ಣಲ್ಲಿ ನೋಡಿ ಗೊತ್ತಾಗುವುದಲ್ಲ ಅದು, ಬೆರಳಿಗೆ ಗೊತ್ತಾಗಬೇಕು. ಈ ಹೆಂಗಸಿನ ಬೆರಳಿಗೆ ಗೊತ್ತಿತ್ತು.

ಬೇರೆಯವರೆಲ್ಲ ಹೋದ ಮೇಲೆ ನಾನು ಇಂಗ್ಲಿಷಿನಲ್ಲಿ ಕೇಳಿದೆ. "ಕಾಗದಕ್ಕೆ ಪ್ಲಾಸ್ಟಿಕ್ ಅಂಟಿಸಿದ್ದರೆ ಬಿಡಿಸಲಿಕ್ಕೆ ಆಗುತ್ತದಾ?"

ಅವರು ಮುಖ ಹುಳಿ ಮಾಡಿದರು. "ಲ್ಯಾಮಿನೇಷನ್ನಾ? ಅದಕ್ಕಿಂತ ಹುಳ ಒಳ್ಳೆಯದು. ಹುಳ ಅರ್ಧ ತಿಂದು ಅರ್ಧ ಉಳಿಸುತ್ತದೆ."

ನನ್ನ ಮುಖ ಇಳಿದದ್ದು ಹುಡುಗಿಗೆ ಕಂಡಿತು. "ಇವರ ಚೀಲದಲ್ಲಿ ಇದೆ" ಅಂತ ಅವರಿಗೆ ಹೇಳಿ, ನನ್ನ ಕಡೆ ತಿರುಗಿ, "ತೆಗೆಯಿರಿ ಖಾಲಾ, ಯಲ್ಲಾ, ಬೇಗ. ತರಬೇತಿಯ ಕೌಂಟರಿನವಳು ಕೇಳದಿದ್ದರೂ ತೋರಿಸಿದ್ದೀರಿ. ಇವರಿಗೆ ಯಾಕೆ ನಾಚಿಕೆ?" ಅಂದಳು.

ತೆಗೆದು ಮೇಜಿನ ಮೇಲಿಟ್ಟೆ. ಬೆಳ್ಳಿ ತಟ್ಟೆಯ ಆಸ್ಪತ್ರೆಯ ರಿಜಿಸ್ಟರಿನ ಪಕ್ಕ ನನ್ನ ಬಿ.ಎಸ್ಸಿ., ಸೆಕೆಂಡ್ ಕ್ಲಾಸ್. ಅವರು ಕೈ ಒರೆಸಿಕೊಂಡು, ಕನ್ನಡಕ ಬದಲಾಯಿಸಿ, ಅದನ್ನು ಎತ್ತಿ ದೀಪಕ್ಕೆ ಓರೆಯಾಗಿ ಹಿಡಿದರು. ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಉಗುರಿನಿಂದ ಒಂದು ಅಂಚನ್ನು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

"ಇದನ್ನು ಮಾಡಿಸಿದ್ದು ಯಾರು?"

ಟೈಪಿಂಗ್ ಸೆಂಟರಿನವರು ಕೇಳಿದ್ದೂ ಇದನ್ನೇ. ನಾನು ಅದೇ ಉತ್ತರ ಕೊಟ್ಟೆ. "ನನ್ನ ತಾಯಿ."

"ಅವರ ಕೆಲಸ ಏನು?"

ಬೀಡಿ ಅಂದರೆ ಏನು ಅಂತ ವಿವರಿಸಬೇಕಾಯಿತು. ಎಲೆಯನ್ನು ನೆನೆಸಿ, ತಗಡಿನ ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟುವುದು, ದಿನಕ್ಕೆ ಸಾವಿರ ಅಂದೆ. ಅವರು ಕೆಲಸ ನಿಲ್ಲಿಸಿ ಕೇಳಿದರು.

"ಮೇಲಾ," ಅಂದರು. "ಹಾಗಾದರೆ ಅವರಿಗೆ ಗೊತ್ತಿತ್ತು. ಇಲ್ಲಿ ನೋಡಿ. ಅಂಚಿನಲ್ಲಿ ಎರಡು ಗೆರೆ ಕಾಣುತ್ತದಾ? ಹೊರಗಿನದು ಲ್ಯಾಮಿನೇಷನ್. ಒಳಗಿನದು ಬೇರೆ ಒಂದು ತೆಳು ಪ್ಲಾಸ್ಟಿಕ್ ಲಕೋಟೆ. ಕಾಗದವನ್ನು ಅದರೊಳಗೆ ಇಟ್ಟು, ಅದರ ಮೇಲೆ ಲ್ಯಾಮಿನೇಷನ್ ಹಾಕಿದ್ದಾರೆ. ಬಿಸಿ ತಾಗಿ ಅಂಟಿಕೊಂಡದ್ದು ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್. ನಿಮ್ಮ ಕಾಗದಕ್ಕೆ ಏನೂ ಅಂಟಿದ ಹಾಗೆ ನನಗೆ ಕಾಣುವುದಿಲ್ಲ."

ನನಗೆ ಅರ್ಥವಾಗಲಿಲ್ಲ ಅಂತಲ್ಲ. ಆದರೆ ಇನ್ನೊಮ್ಮೆ ಹೇಳಿ ಅಂದೆ. ಅವರು ಇನ್ನೊಮ್ಮೆ ಹೇಳಿದರು.

"ಕತ್ತರಿಸಿ ತೆಗೆದು ಕೊಡುತ್ತೀರಾ?"

"ಇಲ್ಲ. ಬಂದವರ ಕಾಗದವನ್ನು ನಾನು ಕತ್ತರಿಸುವ ಹಾಗಿಲ್ಲ. ಕತ್ತರಿ ಕೊಡುತ್ತೇನೆ. ಕೈ ನಿಮ್ಮದು, ಹೆಚ್ಚುಕಡಿಮೆಯಾದರೆ ಅದೂ ನಿಮ್ಮದು."

ಅವರು ಕೊಟ್ಟದ್ದು ಸಣ್ಣ ಅಲಗಿನ, ಹರಿತದ ಕತ್ತರಿ. ಹೆಚ್ಚುಕಡಿಮೆ ಅಮ್ಮನ ಎಲೆ ಕತ್ತರಿಯಷ್ಟೇ ತೂಕ. ಎಂಟನೇ ವಯಸ್ಸಿನಿಂದ ನಾನು ಶಾಲೆಗೆ ಹೋಗುವ ಮೊದಲು ಎಲೆ ಕತ್ತರಿಸಿ ಕೊಡುತ್ತಿದ್ದೆ. ತಗಡನ್ನು ಎಲೆಯ ಮೇಲಿಟ್ಟು ನರಕ್ಕೆ ತಾಗದ ಹಾಗೆ ಸುತ್ತ ಕತ್ತರಿಸುವುದು. ತಪ್ಪಿದರೆ ಎಲೆ ದಂಡ. ಬೈಗುಳ ಇರಲಿಲ್ಲ, ಅಮ್ಮ ಬರೀ ತಡ್ಪೆಯಿಂದ ತಲೆ ಎತ್ತಿ ಒಮ್ಮೆ ನೋಡುತ್ತಿದ್ದಳು. ತಡ್ಪೆ ಅಂದರೆ ಗೆರಸೆ, ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವುದು ಅದರಲ್ಲೇ. ಆ ನೋಟಕ್ಕೆ ಹೆದರಿ ನನ್ನ ಕೈ ಪಳಗಿತು.

ಉಸಿರು ಹಿಡಿದು ಒಂದು ಬದಿ ಕತ್ತರಿಸಿದೆ. ಕಾಗದದ ಅಂಚಿನಿಂದ ಒಂದು ನೂಲಿನಷ್ಟು ಹೊರಗೆ. ಎರಡನೆಯ ಬದಿ. ಮೂರನೆಯ ಬದಿ ಮುಗಿದಾಗ ಪ್ಲಾಸ್ಟಿಕ್ಕು ತಾನಾಗಿ ಬಾಯಿ ಬಿಟ್ಟಿತು. ಒಳಗಿಂದ ಕಾಗದದ ವಾಸನೆ ಬಂತು. ನಾನು ಅದನ್ನು ಮೆಲ್ಲ ಎಳೆದೆ. ಅರ್ಧ ಬಂತು, ಮತ್ತೆ ತಡೆಯಿತು. ಚಿನ್ನದ ಮುದ್ರೆ ಇದ್ದಲ್ಲಿ ಹಿಡಿದುಕೊಂಡಿತ್ತು.

"ನಿಲ್ಲಿ," ಅಂದರು ಅವರು. ಮುಟ್ಟುವುದಿಲ್ಲ ಅಂದವರು ಮುಟ್ಟಿದರು. ಮೂಳೆಯ ಒಂದು ತೆಳ್ಳಗಿನ ಚಮಚದಂಥದ್ದನ್ನು ಒಳಗೆ ತೂರಿಸಿ, ನಾವು ದೋಸೆ ಏಳಿಸುವ ಹಾಗೆ, ಆದರೆ ಅದಕ್ಕಿಂತ ಹತ್ತು ಪಾಲು ನಿಧಾನ, ಸುತ್ತ ಬಿಡಿಸಿದರು. ಅದೆಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ಕಾಗದ ಹೊರಗೆ ಬಂತು. ಮುದ್ರೆಯ ತುದಿಯಿಂದ ಅಕ್ಕಿನುಚ್ಚಿನಷ್ಟು ಚಿನ್ನದ ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ಅಕ್ಷರ ಒಂದೂ ಹೋಗಿರಲಿಲ್ಲ.

ನಾನು ಮೊದಲು ಮಾಡಿದ್ದು ಅದನ್ನು ಮಗುಚಿ ಹಾಕಿದ್ದು. ಹಿಂದುಗಡೆ ಬಿಳಿ, ಬರೀ ಬಿಳಿ. ಖಾಲಿ ಕಾಗದ ನೋಡಿ ಅಷ್ಟು ಹೊತ್ತು ಕಣ್ಣು ಒರೆಸಿಕೊಂಡವರು ಆ ಕೋಣೆಗೆ ಮೊದಲು ಬಂದಿರಲಿಕ್ಕಿಲ್ಲ. ಆ ಹೆಂಗಸು ನನಗೆ ಒಂದು ಹಳದಿ ಬಣ್ಣದ ದಪ್ಪ ಲಕೋಟೆ ಕೊಟ್ಟು, "ಇನ್ನು ಇದರಲ್ಲಿಡಿ. ಕಾಗದಕ್ಕೂ ಉಸಿರು ಬೇಕು" ಅಂದರು. ಕಾಲು ಹಿಡಿಯಬೇಕು ಅನಿಸಿತು. ಕೈ ಹಿಡಿದೆ. ಅವರ ತೋರುಬೆರಳಿನ ಬದಿಯಲ್ಲಿ ಕತ್ತರಿಯ ಜಡ್ಡು ಇತ್ತು. ಅಮ್ಮನಿಗೂ ಅಲ್ಲೇ ಇದೆ.

ಹೊರಗೆ ಬಂದ ಮೇಲೆ ನನಗೆ ಹಸಿವಾಯಿತು. ಎರಡು ತಿಂಗಳಿನಿಂದ ಊಟ ಸೇರುತ್ತಿರಲಿಲ್ಲ ಅಂತ ಆಗಲೇ ಗೊತ್ತಾದದ್ದು. ಬೀದಿ ಬದಿಯ ಸಣ್ಣ ಅಂಗಡಿಯಲ್ಲಿ ಬಟಾಣಿ ತುಂಬಿದ ಬಿಸಿ ಪಫ್ ಮಾರುತ್ತಾರೆ, ನಮ್ಮ ಬೇಕರಿಯದ್ದರ ಅಣ್ಣತಮ್ಮ, ಆದರೆ ಇನ್ನೂ ಗರಿಗರಿ. ಒಬ್ಬಳೇ ನಾಲ್ಕು ತಿಂದೆ. ಹುಡುಗಿ ಎಣಿಸಿ, "ಕೆಮಿಸ್ಟ್ ಆದವರು ಇಷ್ಟು ತಿನ್ನಬಹುದು, ಅಸಿಸ್ಟೆಂಟಿಗೆ ಎರಡೇ" ಅಂದಳು. ಆಮೇಲೆ ಬಂದರು ಕಾಣುವ ಒಂದು ಕಟ್ಟೆಯಲ್ಲಿ ಕೂತು ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ಸಂಜೆಯ ಚಾದ ಹೊತ್ತು.

ತುಳುವಿನಲ್ಲಿ ಮಾತಾಡುವಾಗ ನನಗೆ ಸುಳ್ಳು ಹೇಳಲಿಕ್ಕೆ ಕಷ್ಟ, ನಿಜ ಹೇಳಲಿಕ್ಕೆ ಅದಕ್ಕಿಂತ ಕಷ್ಟ. ಒಂಬತ್ತು ವರ್ಷದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಮುಗಿದ ಮೇಲೆ ಅಮ್ಮ ಹೇಳಿದಳು.

"ಒಳಗೆ ಇನ್ನೊಂದು ಪ್ಲಾಸ್ಟಿಕ್ ತೊಟ್ಟೆ ಹಾಕು ಅಂತ ಸ್ಟುಡಿಯೋದವನಿಗೆ ನಾನೇ ಅಲ್ವಾ ಹೇಳಿದ್ದು. ಅವ ಬೇಡ ಅಂದ. ಮಶಿನಿನ ಬಿಸಿ ನೇರ ಎಲೆಗೆ ತಾಗಿದರೆ ಎಲೆ ಉಳಿಯುತ್ತದಾ ಅಂತ ಜೋರು ಮಾಡಿದೆ. ಮತ್ತೆ ಹಾಕಿದ."

"ಎಲೆ ಅಲ್ಲ ಅಮ್ಮ, ಕಾಗದ."

"ಎರಡೂ ಒಂದೇ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದಾ?"

ಪಕ್ಕದಲ್ಲಿ ಹುಡುಗಿ ತುಳು ಒಂದಕ್ಷರ ಗೊತ್ತಿಲ್ಲದೆಯೂ ಏನೋ ಅರ್ಥವಾದವಳ ಹಾಗೆ ನಗುತ್ತಿದ್ದಳು. ಓದಿದವಳು ಅನ್ನುವ ಹೆಮ್ಮೆ ನನಗೆ ಈಗಲೂ ಇದೆ, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಓದಿದ ಮೇಲೆ ಅಮ್ಮನಿಗೆ ಏನೂ ಗೊತ್ತಿರಲಿಕ್ಕಿಲ್ಲ ಅಂತ ನಾನು ಅಂದುಕೊಂಡದ್ದೂ ನಿಜ. ನೋವಾಗಬಾರದು ಅಂತ ಮುಚ್ಚಿಟ್ಟೆ ಅಂದೆನಲ್ಲ, ಅದು ಅರ್ಧ ಮಾತ್ರ. ಅವಳನ್ನು ಕೇಳಿ ಪ್ರಯೋಜನ ಇದೆ ಅಂತ ಅನಿಸಿರಲಿಲ್ಲ, ಅದು ಇನ್ನರ್ಧ.

ಅಮ್ಮನೇ ಮತ್ತೆ ಕೇಳಿದಳು. "ಈಗ ಎಲ್ಲಿದ್ದೀ ನೀನು? ಗಾಳಿಯ ಸದ್ದು ಕೇಳುತ್ತದೆ."

"ದೂರದ ಒಂದು ದ್ವೀಪದಲ್ಲಿ. ಸಮುದ್ರದ ದಂಡೆಯಲ್ಲಿ."

"ಅಲ್ಲಿ ಕುಡಿಯಲಿಕ್ಕೆ ನೀರು ಸಿಗುತ್ತದಾ?"

ಸಿಗುತ್ತದೆ ಅಂದೆ. ಫೋನಿಟ್ಟ ಮೇಲೆ ಎದ್ದು ಹೋಗಿ ಅಲ್ಲಿದ್ದ ನಲ್ಲಿಯ ನೀರನ್ನು ಬೊಗಸೆಯಲ್ಲಿ ಕುಡಿದೆ. ಉಪ್ಪು ನಮ್ಮದಕ್ಕಿಂತ ಒಂದು ಎಳೆ ಹೆಚ್ಚು. ಕುಡಿಯಲಿಕ್ಕೆ ಅಡ್ಡಿಯಿಲ್ಲ.

ಸಹಮ್‌ಗೆ ಬಂದ ಮರುದಿನವೇ ಟೈಪಿಂಗ್ ಸೆಂಟರಿಗೆ ಹೋದೆ. ಅವರು ಲಕೋಟೆಯಿಂದ ಸರ್ಟಿಫಿಕೇಟು ತೆಗೆದು, ಬಗ್ಗಿಸಿ ನೋಡಿದರು. ಈ ಸಲ ಸದ್ದು ಬರಲಿಲ್ಲ. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ಮೂಗಿನ ಹತ್ತಿರ ಹಿಡಿದರು.

"ಇಸ್ತ್ರಿಪೆಟ್ಟಿಗೆ ಇಟ್ರಾ ಅಕ್ಕ?"

"ಇಲ್ಲ. ಕತ್ತರಿ."

"ಎಲ್ಲ ಅಕ್ಷರ ಉಂಟಲ್ಲ ಮಾರಾಯ್ರೆ."

ನಡೆದದ್ದನ್ನು ಹೇಳಿದೆ. ಅವರು ಕಂಪ್ಯೂಟರಿನಿಂದ ಕೈ ತೆಗೆದು ಕೂತು ಕೇಳಿದರು. ಕೇಳಿ, "ಒಂಬತ್ತು ವರ್ಷ ಹಿಂದೆ ನಾನೇ ಒಮ್ಮೆ ಸರಿಯಾಗಿ ನೋಡಬೇಕಿತ್ತು. ಲ್ಯಾಮಿನೇಷನ್ ಕಂಡ ಕೂಡಲೇ ಖಲಾಸ್ ಅಂದುಬಿಟ್ಟೆ. ಅದು ನನ್ನ ತಪ್ಪು" ಅಂದರು. ಹಾಗೆ ಹೇಳುವವರು ಕಡಿಮೆ. ಅವರೇ ಅದನ್ನು ಊರಿಗೆ ಹೋಗುವ ತಮ್ಮ ಅಳಿಯನ ಕೈಯಲ್ಲಿ ಕೊಟ್ಟು ಕಳಿಸಿ, ಒಂದೊಂದು ಆಫೀಸು ದಾಟಿದಾಗಲೂ ನನಗೆ ಮೆಸೇಜು ಹಾಕಿದರು. ಊರಿನದ್ದು ಆಯಿತು. ದೆಹಲಿಯದ್ದು ಆಯಿತು. ಕೊಟ್ಟ ಗಡುವಿಗೆ ಎಂಟು ದಿನ ಇರುವಾಗ ಅದು ನನ್ನ ಕೈಗೆ ವಾಪಸು ಬಂತು. ಮ್ಯಾನೇಜರ್ ಕಾವಾ ಬಗ್ಗಿಸಿದರು. ಈ ಸಲ ಖರ್ಜೂರ ನಾನೇ ತೆಗೆದುಕೊಂಡೆ.

ಈಗ ನನ್ನ ಕಾರ್ಡಿನಲ್ಲಿ ಕೆಮಿಸ್ಟ್ ಅಂತ ಇದೆ. ನೀರಿನ ವರದಿಗೆ ಸಹಿ ನನ್ನದು. ಒಮಾನಿ ಹುಡುಗಿಗೆ ಹೊಸ ಯಂತ್ರ ನನಗಿಂತ ಚೆನ್ನಾಗಿ ಬರುತ್ತದೆ. ನಾನು ಸಹಿ ಹಾಕುವಾಗ ಬೇಕಂತಲೇ ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ. ಮಗಳು ಅದೇ ಶಾಲೆಗೆ ಹೋಗುತ್ತಾಳೆ, ನಾನು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕೊಡಲಿ. ಮೂರೂ ಜನ ಒಂದೇ ಮನೆಯಲ್ಲಿ ಉಣ್ಣುತ್ತೇವೆ. ಕತ್ತರಿಸಿದ ಪ್ಲಾಸ್ಟಿಕ್ಕನ್ನು ಬಿಸಾಡಿಲ್ಲ. ಅಕ್ಕಿನುಚ್ಚಿನಷ್ಟು ಚಿನ್ನದ ಬಣ್ಣ ಅದರಲ್ಲಿದೆ.

ಸೀಲು ಬಿದ್ದ ಹಿಂಬದಿಯ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ. ಪಕ್ಕದ ಮನೆಯವರ ಮೊಬೈಲಿನಲ್ಲಿ ನೋಡಿ ಫೋನು ಮಾಡಿದಳು.

"ಇಷ್ಟು ಚಂದದ ಕಾಗದದ ಹಿಂದೆ ಹೀಗೆ ಗೀಚಿದ್ದಾರಲ್ಲ ಮಗಾ."

"ಅದು ಸೀಲು ಅಮ್ಮ. ಅದಕ್ಕೋಸ್ಕರವೇ ಇಷ್ಟೆಲ್ಲ ಮಾಡಿದ್ದು."

"ಆಯ್ತಲ್ಲ? ಎಲ್ಲರದ್ದೂ ಒತ್ತಿ ಆಯ್ತಲ್ಲ? ಹಾಗಾದರೆ ಇನ್ನು ಹಾಗೇ ಬಿಡಬೇಡ, ಕೈ ತಾಗಿ ಹಾಳಾಗುತ್ತದೆ. ಅಲ್ಲಿಯೂ ಸ್ಟುಡಿಯೋ ಇರುತ್ತದಲ್ಲ, ಒಂದು ಲ್ಯಾಮಿನೇಷನ್ ಮಾಡಿಸಿಬಿಡು. ಒಳಗೆ ಇನ್ನೊಂದು ತೊಟ್ಟೆ ಹಾಕಲಿಕ್ಕೆ ಹೇಳು."

ಮಾಡಿಸ್ತೇನೆ ಅಂದೆ. ಕಪಾಟಿನಲ್ಲಿ ಹಳದಿ ಲಕೋಟೆಯೊಳಗೆ ಹಾಗೇ ಇದೆ.